ಅತ್ತೆಯ ಡ್ರಮ್ಮಿನ ಮುಂದೆ ನಿಂತ ಮರಿಗಳು

ಇದನ್ನು ಹೇಳುವ ಅರ್ಹತೆ ನನಗಿದೆಯೇ ಎಂದು ಬಹಳ ದಿನ ಯೋಚಿಸಿದೆ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಓದಿದ್ದು ಸಂಜೆ ತರಗತಿಯಲ್ಲಿ, ಅದೂ ಮದುವೆಯಾದ ಮೇಲೆ. ಬಾತುಕೋಳಿ ಸಾಕುವುದರ ಬಗ್ಗೆ ನನಗಿಂತ ಹೆಚ್ಚು ತಿಳಿದವರು ನಮ್ಮ ಮಹಿಳಾ ಸಂಘದಲ್ಲೇ ಇದ್ದಾರೆ. ಆದರೆ ತಪ್ಪು ಮಾಡಿದವಳು ನಾನು. ಬೇರೆಯವರ ಬಾಯಲ್ಲಿ ಬರುವುದಕ್ಕಿಂತ ನಿಮ್ಮ ಬಾಯಲ್ಲೇ ಬರಲಿ ಎಂದು ಪಶು ಆಸ್ಪತ್ರೆಯ ಲಸಿಕೆ ಅಕ್ಕ ಅಂದರು. ಅದಕ್ಕೇ ಧೈರ್ಯ ಮಾಡಿದ್ದೇನೆ.

ನಮ್ಮದು ಸಾಲುಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ. ಅಂಗಡಿಯವರು ಕೊಟ್ಟ ಅಂಗಿಗಳಿಗೆ ಕಾಲರ್ ಹೊಲಿಯುವುದು ನನ್ನ ಕೆಲಸ. ನನ್ನ ಗಂಡ ಸೈಕಲ್ ರಿಪೇರಿ ಮಾಡುತ್ತಾರೆ. ನಡುಕೋಣೆಯಲ್ಲಿ ಅತ್ತೆಯ ಮಂಚ. ಅಲ್ಲಿಂದ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ಜೋಳ ತುಂಬಿಡುವ ತಗಡಿನ ಡ್ರಮ್ಮು, ಆಮೇಲೆ ಹಿತ್ತಿಲ ಬಾಗಿಲು, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ಅಷ್ಟೇ ನಮ್ಮ ಮನೆ. ನಮ್ಮ ಮಗಳಿಗೆ ನಾಲ್ಕು ವರ್ಷ. ಗಿಡ್ಡಗಿದ್ದರೂ ಮಾತು ಚುರುಕು ಎಂದು ಅತ್ತೆ ಅವಳಿಗೆ ಮೆಣಸು ಎಂದು ಹೆಸರಿಟ್ಟಿದ್ದರು. ಅದೇ ನಿಂತುಹೋಯಿತು.

ಅತ್ತೆಗೆ ಎಪ್ಪತ್ತೆರಡು ವರ್ಷ, ಎದೆಯ ಕಾಯಿಲೆ. ಮಂಚದ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆ ಇಟ್ಟು, ಮೇಲೆ ಬಲ್ಬು ಇಳಿಬಿಟ್ಟು, ಅದರಲ್ಲಿ ಬಾತಿನ ಮೊಟ್ಟೆ ಇಟ್ಟಿದ್ದರು. ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸುತ್ತಿದ್ದರು. ತೇವ ಆರಬಾರದೆಂದು ಒದ್ದೆ ಬಟ್ಟೆ ಇಡುತ್ತಿದ್ದರು. ಇಪ್ಪತ್ತೆಂಟನೆಯ ದಿನ ಒಂಬತ್ತು ಮರಿ ಹೊರಬಂದವು. ಅವು ಕಣ್ಣು ಬಿಟ್ಟು ಮೊದಲು ನೋಡಿದ್ದು ಪೆಟ್ಟಿಗೆಯ ಮೇಲೆ ಬಾಗಿದ್ದ ಅತ್ತೆಯ ಮುಖ.

ಎದುರುಮನೆಯ ಇಸ್ತ್ರಿ ಅಕ್ಕ ನೋಡಲು ಬಂದರು. "ಏನಜ್ಜಿ, ಈ ವಯಸ್ಸಲ್ಲಿ ಒಂದೇ ಸಲಕ್ಕೆ ಒಂಬತ್ತು ಹೆರಿಗೆ!"

"ನಗು ನಗು. ನಿನ್ನ ಹಾಗೆ ಕೂಗಾಡದೆ ಹೆತ್ತಿದ್ದೀನಿ," ಎಂದರು ಅತ್ತೆ.

"ಒಂದು ಬೋಗುಣಿ ನೀರು ತರ್ಲಾ? ಈಜಲಿ."

"ಮುಟ್ಟಬೇಡ! ಬಾತಿನ ಮರಿ ನೀರಲ್ಲಿ ಸಾಯುತ್ತೆ ಅಂದ್ರೆ ನಂಬ್ತೀಯಾ? ತಾಯಿ ಜೊತೆಗಿದ್ರೆ ಅವಳ ಮೈಯೆಣ್ಣೆ ಮರಿಗಳ ಪುಕ್ಕಕ್ಕೂ ಹತ್ತುತ್ತೆ. ಇವಕ್ಕೆ ತಾಯಿ ಇಲ್ಲ. ನೆನೆದ್ರೆ ಬಟ್ಟೆ ಹಾಗೆ ನೀರು ಹೀರ್ಕೊಂಡು, ನಡುಗಿ ನಡುಗಿ ಸತ್ತೇಹೋಗ್ತವೆ. ಪುಕ್ಕ ಬಲಿಯೋವರೆಗೂ ಈಜು ಇಲ್ಲ."

ಅವರು ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ ನೀರು ಹಾಕುತ್ತಿದ್ದರು. ಮರಿ ಒಳಗೆ ಬೀಳಬಾರದು, ಆದರೆ ಮೂಗಿನ ತೂತು ತೊಳೆದುಕೊಳ್ಳುವಷ್ಟು ಕೊಕ್ಕು ಮುಳುಗಬೇಕು. ಮರಿಗಳು ಒತ್ತಿಕೊಂಡು ಗುಂಪಾದರೆ ಚಳಿ, ಬಲ್ಬು ಇಳಿಸಬೇಕು. ಬಾಯಿ ತೆರೆದು ದೂರ ಹೋದರೆ ಸೆಕೆ, ಬಲ್ಬು ಏರಿಸಬೇಕು. ಒದ್ದೆಯಾದ ಹಾಸನ್ನು ದಿನವೂ ಬದಲಿಸಬೇಕು. ಮೆಣಸು ಮರಿಗೆ ಮುತ್ತು ಕೊಡಲು ಹೋದರೆ ಅತ್ತೆ ಗದರುತ್ತಿದ್ದರು. ಮರಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಅವಳಿಗೆ ತುತ್ತು ಸಿಗುತ್ತಿರಲಿಲ್ಲ. ಇದೆಲ್ಲ ಅವರು ಯಾವ ತರಗತಿಯಲ್ಲೂ ಕಲಿತದ್ದಲ್ಲ.

ವಾರ ತುಂಬುವ ಹೊತ್ತಿಗೆ ಮರಿಗಳು ಅತ್ತೆಯ ಹಿಂದೆ ಸಾಲಾಗಿ ನಡೆಯಲು ಶುರುಮಾಡಿದವು. ಸಂಜೆ ಐದಕ್ಕೆ ಅತ್ತೆ ಮಂಚದಿಂದ ಏಳುತ್ತಿದ್ದರು. ಗೋಡೆ ಹಿಡಿದು ಅಡುಗೆಮನೆಗೆ ಬಂದು, ಡ್ರಮ್ಮಿನ ಮುಚ್ಚಳ ತೆಗೆದು, ಬಲಗೈಯನ್ನು ಮೊಣಕೈವರೆಗೆ ಜೋಳದೊಳಗೆ ಇಳಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಒಂದು ಕಾಳು ತೆಗೆದು ಹಲ್ಲಲ್ಲಿ ಕಟ್ ಎಂದು ಮುರಿಯುತ್ತಿದ್ದರು. ಆಮೇಲೆ ಹಿತ್ತಿಲಿಗೆ ಹೋಗಿ ಕಲ್ಲಿನ ಮೇಲೆ ಕೂರುತ್ತಿದ್ದರು. ಮುಂದೆ ಅತ್ತೆ, ಹಿಂದೆ ಒಂಬತ್ತು ಮರಿ, ಎಲ್ಲಕ್ಕಿಂತ ಹಿಂದೆ ಕೈ ಹಿಂದಕ್ಕೆ ಕಟ್ಟಿಕೊಂಡು ಮೆಣಸು. ಅತ್ತೆ ಡ್ರಮ್ಮಿಗೆ ಕೈ ಯಾಕೆ ಹಾಕುತ್ತಾರೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ವಯಸ್ಸಾದವರ ಒಂದು ಚಾಳಿ ಅಂದುಕೊಂಡಿದ್ದೆ.

ಮರಿಗಳು ಹುಟ್ಟಿದ ಹನ್ನೆರಡನೆಯ ದಿನ ಮಧ್ಯಾಹ್ನ ಅತ್ತೆ ತೀರಿಕೊಂಡರು.

ಅಂದು ಮನೆಯ ಮುಂದೆ ಒಣಗಲು ಹೊಸ ಜೋಳ ಹರಡಿತ್ತು. ಜನ ಸೇರುತ್ತಿದ್ದಾಗ ಹನಿ ಬಿತ್ತು. ಗಡಿಬಿಡಿಯಲ್ಲಿ ನಾನೇ ಅದನ್ನು ಬಾಚಿ ಡ್ರಮ್ಮಿಗೆ ಸುರಿದೆ. ಕೈಗೆ ತಣ್ಣಗೆ ತಾಗಿದ್ದು ನೆನಪಿದೆ. ಆಮೇಲೆ ಒಣಗಿಸಿದರಾಯಿತು ಎಂದುಕೊಂಡೆ. ಇಲಿ ಬರಬಾರದೆಂದು ಗಂಡ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಮುಚ್ಚಳದ ಸುತ್ತ ಬಿಗಿದರು. ಆಮೇಲೆ ಅದನ್ನು ತೆಗೆಯಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಅತ್ತೆಯ ಕೈ ಮುಟ್ಟಿದ ಡ್ರಮ್ಮು. ಎರಡು ವಾರ ಚೀಲದಲ್ಲಿ ಉಳಿದಿದ್ದ ಹಳೆಯ ಜೋಳವನ್ನೇ ಬಳಸಿದೆವು.

ಅತ್ತೆ ಹೋದ ಮಾರನೆಯ ದಿನ ಸಂಜೆ ನಾನು ಕಾಲರ್ ಹೊಲಿಯುತ್ತಿದ್ದೆ. ಯಂತ್ರ ನಿಲ್ಲಿಸಿದಾಗ ನಡುಕೋಣೆಯಿಂದ ಒದ್ದೆ ಪಾದಗಳ ಪಟಪಟ ಸದ್ದು ಕೇಳಿಸಿತು. ಬಗ್ಗಿ ನೋಡಿದೆ. ಮರಿಗಳು ಖಾಲಿ ಮಂಚದ ಬಳಿಯಿಂದ ಸಾಲಾಗಿ ಹೊರಟಿದ್ದವು. ಮುಂದಿನ ಮರಿಯ ಮುಂದೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟಿತ್ತು. ಅಡುಗೆಮನೆಗೆ ಹೋಗಿ ಡ್ರಮ್ಮಿನ ಮುಂದೆ ನಿಂತವು. ಒಂಬತ್ತೂ ಕತ್ತು ಎತ್ತಿ, ನಿಂತ ಮನುಷ್ಯರ ಮುಖ ಇರುವಷ್ಟು ಎತ್ತರಕ್ಕೆ ನೋಡಿದವು. ಸ್ವಲ್ಪ ಹೊತ್ತು. ಆಮೇಲೆ ಹಿತ್ತಿಲಿಗೆ ಹೋಗಿ ಕಲ್ಲಿನ ಸುತ್ತ ಕೂತವು. ಹಿಂದೆ ಮೆಣಸು.

"ಎಲ್ಲಿಗೆ ಹೋಗ್ತಿದ್ದೀಯಾ?" ಎಂದೆ.

"ಅಜ್ಜಿ ಜೊತೆ," ಎಂದಳು.

ಇದು ದಿನವೂ ನಡೆಯಿತು. ಗಡಿಯಾರ ನೋಡಿದರೆ ಐದು.

ಚೀಲ ಖಾಲಿಯಾದ ಮೇಲೆ ಗಂಡ ಟ್ಯೂಬು ಬಿಚ್ಚಿದರು. ಮೇಲಿನ ಕಾಳು ಚೆನ್ನಾಗಿಯೇ ಕಂಡಿತು. ಸ್ವಲ್ಪ ಮುಗ್ಗಲು ವಾಸನೆ. ಕೆಲವು ಕಾಳಿನ ಮೇಲೆ ಹಸಿರು ಬೂದಿಯಂಥ ಪುಡಿ. ಎಸೆಯಲು ಕೈ ಬರಲಿಲ್ಲ. ಅನ್ನ ಎಸೆಯುವವಳು ಎಂದು ಅತ್ತೆಯಿಂದ ಅನ್ನಿಸಿಕೊಳ್ಳಬಾರದೆಂದು ಬದುಕಿದವಳು ನಾನು. ಮೇಲಿನಿಂದ ಬೇಕಾದಷ್ಟು ತೆಗೆದು, ತೊಳೆದು ಒಣಗಿಸಿದೆ. ಕೆಟ್ಟ ಕಾಳು ಆರಿಸಿ ನುಚ್ಚು ಮಾಡಿ ಮರಿಗಳಿಗೆ ಹಾಕಿದೆ. ಒಳ್ಳೆಯದೆಂದು ಕಂಡಿದ್ದನ್ನು ಹಿಟ್ಟು ಮಾಡಿಸಿ ಮೆಣಸಿನ ಗಂಜಿಗೆ ಇಟ್ಟೆ.

ಆ ನುಚ್ಚು ಹಾಕಲು ಶುರುಮಾಡಿದ ಐದನೆಯ ದಿನ ಬೆಳಿಗ್ಗೆ ಒಂದು ಮರಿ ಡ್ರಮ್ಮಿನ ಬುಡದಲ್ಲಿ ಬಿದ್ದಿತ್ತು. ಅದರ ಕತ್ತು ಹಿಂದಕ್ಕೆ ಬಾಗಿ ನೆತ್ತಿ ಬೆನ್ನಿಗೆ ತಾಗಿತ್ತು. ಕೊಕ್ಕು ನೇರ ಮೇಲಕ್ಕೆ. ಕಾಲು ಮಾತ್ರ ಆಡುತ್ತಿತ್ತು, ಒಣ ನೆಲದ ಮೇಲೆ ಈಜುವ ಹಾಗೆ. ನಾನು ನೋಡುತ್ತಿದ್ದಂತೆ ನಿಂತಿತು. ಮಾರನೆಯ ದಿನ ಇನ್ನೆರಡು, ಅದೇ ಭಂಗಿ. ಆಮೇಲೆ ದಿನಕ್ಕೊಂದು.

ಸಂಜೆಯ ನಡಿಗೆ ಮಾತ್ರ ನಿಲ್ಲಲಿಲ್ಲ. ಒಂಬತ್ತು ಮರಿ, ಹಿಂದೆ ಮೆಣಸು. ಎಂಟು ಮರಿ, ಹಿಂದೆ ಮೆಣಸು. ಆರು, ಹಿಂದೆ ಮೆಣಸು. ಅವಳು ಎಂದಿನಂತೆಯೇ ನಡೆಯುತ್ತಿದ್ದಳು, ಆದರೆ ಸಾಲು ಚಿಕ್ಕದಾದಂತೆ ಮುಂದೆ ಮುಂದೆ ಬರುತ್ತಿದ್ದಳು. ಸಾಲು ಐದು ಮರಿಗೆ ಇಳಿದ ದಿನ ಇಸ್ತ್ರಿ ಅಕ್ಕ ನೋಡಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ನಾನು ಹೇಳಬಾರದು. ಆದ್ರೂ ಹೇಳ್ತೀನಿ. ಅಜ್ಜಿ ಒಂದೊಂದಾಗಿ ಕರ್ಕೊಂಡು ಹೋಗ್ತಿದ್ದಾರೆ. ಸತ್ತಿದ್ದೆಲ್ಲ ಮೇಲಕ್ಕೆ ನೋಡ್ಕೊಂಡೇ ಸತ್ತಿಲ್ವಾ? ಈ ಐದು ಮುಗಿದ ಮೇಲೆ ಸಾಲಲ್ಲಿ ಯಾರಿದ್ದಾರೆ, ನೀನೇ ನೋಡು."

"ಸುಮ್ನಿರಿ ಅಕ್ಕ!"

"ನಾನು ಸುಮ್ನಿರ್ತೀನಮ್ಮ. ಮಗು ಊಟ ಬಿಟ್ಟು ಎಷ್ಟು ದಿನ ಆಯ್ತು?"

ಮೂರು ದಿನವಾಗಿತ್ತು. ಹೊಟ್ಟೆ ನೋವು ಅನ್ನುತ್ತಿದ್ದಳು. ಗಂಜಿಯ ಬಟ್ಟಲು ಅರ್ಧಕ್ಕೇ ತಳ್ಳುತ್ತಿದ್ದಳು. ಮಗು ಸೊರಗಬಾರದೆಂದು ನಾನು ಪುಸಲಾಯಿಸಿ, ಗದರಿಸಿ, ಅದೇ ಗಂಜಿಯನ್ನು ಇನ್ನೂ ಎರಡು ಚಮಚ ಹೆಚ್ಚು ತಿನ್ನಿಸುತ್ತಿದ್ದೆ.

ಗಂಡನಿಗೂ ಹೆದರಿಕೆ ಹತ್ತಿತು. "ಉಳಿದ ಮರಿಗಳನ್ನ ಎಲ್ಲಾದ್ರೂ ಬಿಟ್ಟು ಬರ್ತೀನಿ. ಮೆಣಸನ್ನ ಚಿಕ್ಕಮ್ಮನ ಮನೆಗೆ ಕಳಿಸೋಣ. ಅಮ್ಮನ ಮಂಚಾನೂ ತೆಗೆದುಬಿಡೋಣ," ಎಂದರು. ತನ್ನ ತಾಯಿಗೇ ಹೆದರಬೇಕಾಯಿತಲ್ಲ ಎಂದು ಮಂಚದ ಕಡೆಗೆ ಬೆನ್ನು ಮಾಡಿ ಕೂತರು.

ಮಾರನೆಯ ದಿನ ಇಸ್ತ್ರಿ ಅಕ್ಕನ ಕೋಳಿಗಳಿಗೆ ಲಸಿಕೆ ಹಾಕಲು ಪಶು ಆಸ್ಪತ್ರೆಯಿಂದ ಹೆಂಗಸೊಬ್ಬರು ಬಂದರು. ಹೆಗಲಲ್ಲಿ ಐಸ್ ಡಬ್ಬಿ. ಎಲ್ಲರೂ ಅವರನ್ನು ಲಸಿಕೆ ಅಕ್ಕ ಅನ್ನುತ್ತಾರೆ. ಇಸ್ತ್ರಿ ಅಕ್ಕನೇ ಅವರನ್ನು ಎಳೆದು ತಂದರು. "ಬನ್ನಿ, ನಿಮ್ಮ ಸೂಜಿಗೆ ಬಗ್ಗದೇ ಇರೋದೊಂದು ತೋರಿಸ್ತೀನಿ."

ಗಂಟೆ ಐದಾಗುತ್ತಿತ್ತು. ನಾಲ್ಕು ಮರಿ ಮಂಚದ ಬಳಿಯಿಂದ ಎದ್ದವು. ಒಂದು ಕಾಲೆಳೆಯುತ್ತಿತ್ತು. ಡ್ರಮ್ಮಿನ ಮುಂದೆ ನಿಂತು ಕತ್ತು ಎತ್ತಿದವು. ಹಿಂದೆ ಮೆಣಸು, ಅವಳೂ ಕತ್ತು ಎತ್ತಿದಳು. ಲಸಿಕೆ ಅಕ್ಕನ ತೋಳಿನ ಮೇಲೆ ರೋಮ ಎದ್ದದ್ದು ನನಗೆ ಕಂಡಿತು. ಆದರೆ ಅವರು ಓಡಲಿಲ್ಲ. ನಮ್ಮಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದರು.

"ಇಲ್ಲಿ ಯಾಕೆ ನಿಂತವು? ಈ ಡ್ರಮ್ಮಲ್ಲಿ ಏನಿದೆ?"

"ಜೋಳ," ಎಂದೆ. "ಅತ್ತೆ ದಿನಾ ಇಲ್ಲಿ ನಿಂತು ಕೈ ಹಾಕ್ತಿದ್ರು."

"ಎಷ್ಟು ಒಳಗೆ?"

"ಮೊಣಕೈವರೆಗೆ."

ಲಸಿಕೆ ಅಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡರು, ತೋಳು ಮಡಚಿದರು, ಮುಚ್ಚಳ ತೆಗೆದು ಕೈ ಇಳಿಸಿದರು. ಇಳಿಸಿದವರು ಹಾಗೇ ನಿಂತರು. "ನೀವೂ ಹಾಕಿ ನೋಡಿ," ಎಂದರು.

ನಾನೂ ಮೂಗು ಮುಚ್ಚಿಕೊಂಡು ಕೈ ಹಾಕಿದೆ. ಮೇಲೆ ತಣ್ಣಗಿತ್ತು. ಬೆರಳು ಕೆಳಕ್ಕೆ ಹೋದಂತೆ ಬೆಚ್ಚಗಾಯಿತು. ಮೊಣಕೈ ಮುಳುಗಿದಾಗ ಅಲ್ಲಿ ಯಾರೋ ಈಗಷ್ಟೇ ಮಲಗಿ ಎದ್ದ ಹಾಸಿಗೆಯ ಬಿಸಿ. ನಾನು ಚೀರಿ ಕೈ ಎಳೆದುಕೊಂಡೆ.

"ಹೆದರಬೇಡಿ," ಎಂದರು ಅವರು. "ಹಸಿ ಜೋಳ ಮುಚ್ಚಿಟ್ರೆ ಒಳಗೇ ಬೇಯುತ್ತೆ. ಬೂಷ್ಟು ಬೆಳೆಯೋವಾಗ ಕಾಳು ಬಿಸಿಯಾಗುತ್ತೆ. ನಿಮ್ಮತ್ತೆ ದಿನಾ ನೋಡ್ತಿದ್ದದ್ದು ಇದನ್ನೇ. ಮರಿಗಳಿಗೆ ಇದನ್ನ ಹಾಕಿದ್ರಾ?"

"ಕೆಟ್ಟದ್ದು ಆರಿಸಿ ಅವಕ್ಕೆ ಹಾಕಿದೆ."

"ಬಾತಿನ ಮರಿಗಳಿಗೆ ಈ ಬೂಷ್ಟಿನ ವಿಷ ಬಹಳ ಬೇಗ ತಾಗುತ್ತೆ. ಲಿವರ್ ಹಾಳಾಗಿ, ಕಾಲು ಕುಂಟಿ, ಕತ್ತು ಹಿಂದಕ್ಕೆ ಸೆಟೆದು ಸಾಯ್ತವೆ. ಬೇರೆ ಕಾಯಿಲೆಗಳಲ್ಲೂ ಹಾಗಾಗೋದುಂಟು, ಬರೀ ಕಣ್ಣಲ್ಲಿ ನೋಡಿ ಇದೇ ಅಂತ ಆಣೆ ಹಾಕೋಕೆ ನನಗಾಗಲ್ಲ. ಇವತ್ತು ಸತ್ತದ್ದು ಇದ್ರೆ ಕೊಡಿ, ಜೊತೆಗೆ ಒಂದು ಪೊಟ್ಟಣ ಜೋಳ. ಪರೀಕ್ಷೆಗೆ ಕಳಿಸೋಣ."

ಅಷ್ಟರಲ್ಲಿ ಗಂಡ ಬಂದರು. ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಎಲ್ಲ ಕೇಳಿ ತಲೆಯಾಡಿಸಿದರು. "ಜೋಳ ತಿಂದು ಸಾಯೋದಾದ್ರೆ ಇವರ ಕೋಳಿಗಳು ಯಾಕೆ ಸತ್ತಿಲ್ಲ ಅಕ್ಕ? ಅವಕ್ಕೂ ಎರಡು ಬೊಗಸೆ ಕೊಟ್ಟಿದ್ವಿ."

ಇಸ್ತ್ರಿ ಅಕ್ಕ ಬಾಯಿ ಹಾಕಿದರು. "ಅದೇ ನಾನೂ ಕೇಳ್ತಿರೋದು. ನನ್ನ ಹುಂಜ ನೋಡಿ, ಬೆಳಿಗ್ಗೆ ನನ್ನನ್ನೇ ಅಟ್ಟಿಸ್ಕೊಂಡು ಬರುತ್ತೆ."

"ದೊಡ್ಡ ಕೋಳಿ ಇದನ್ನ ಮರಿಗಿಂತ ಹೆಚ್ಚು ತಡ್ಕೊಳ್ಳುತ್ತೆ. ಹಾಗಂತ ಅದಕ್ಕೆ ಒಳ್ಳೇದಲ್ಲ. ಇನ್ನು ಹಾಕಬೇಡಿ. ಬಾತಿನ ಮರಿಗೆ ವಾರದಲ್ಲಿ ತೋರಿಸುತ್ತೆ. ಮನುಷ್ಯರಿಗೆ ತೋರಿಸೋಕೆ ವರ್ಷಗಳೇ ಬೇಕಾಗಬಹುದು. ಅದಕ್ಕೇ ನಾವು ಏನೂ ಆಗಲ್ಲ ಅಂದ್ಕೊಳ್ಳೋದು."

"ನಾನು ತೊಳೆದಿದ್ದೆ ಅಕ್ಕ," ಎಂದೆ. "ಬಿಸಿಲಿಗೂ ಹಾಕಿದ್ದೆ. ಬೇಯಿಸಿದ್ರೂ ಹೋಗಲ್ವಾ?"

"ತೊಳೆದ್ರೆ ಮೇಲಿನ ಪುಡಿ ಹೋಗುತ್ತೆ. ಬೇಯಿಸಿದ್ರೆ ಬೂಷ್ಟು ಸಾಯುತ್ತೆ. ಅದು ಬಿಟ್ಟ ವಿಷ ಕಾಳಿನ ಒಳಗೇ ಇರುತ್ತೆ. ನೋಡೋಕೆ ಚೆನ್ನಾಗಿರೋ ಕಾಳಲ್ಲೂ ಇರಬಹುದು."

ಗಂಡ ಒಲೆಯ ಪಕ್ಕದ ಬಟ್ಟಲು ನೋಡಿದರು. ಅರ್ಧ ಉಳಿದ ಗಂಜಿ ಕೆನೆಗಟ್ಟಿತ್ತು.

"ಮೆಣಸಿನ ಗಂಜಿ ಯಾವ ಹಿಟ್ಟಿಂದು?" ಎಂದರು.

ಡ್ರಮ್ಮಿನ ಕಡೆ ಕೈ ತೋರಿಸಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಗಳನ್ನು ಎತ್ತಿ ಸೈಕಲ್ಲಿನ ಮುಂದೆ ಕೂರಿಸಿಕೊಂಡು ನೇರ ಆಸ್ಪತ್ರೆಗೆ ಹೊರಟರು. ನಾನು ಹಿಂದೆ ಓಡಿದೆ. ಕಾಲಿಗೆ ಚಪ್ಪಲಿ ಇರಲಿಲ್ಲ ಎಂದು ಇಸ್ತ್ರಿ ಅಕ್ಕ ಆಮೇಲೆ ಹೇಳಿದರು.

ಡಾಕ್ಟರು ಮೆಣಸಿನ ಕಣ್ಣು ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆಸಿದರು. ಸೂಜಿ ಚುಚ್ಚಿದವರಿಗೆ ಮೆಣಸು, "ನಿಂಗೆ ಬಾತು ಕಚ್ಚಲಿ," ಎಂದಳು. ಎಷ್ಟೋ ದಿನದ ಮೇಲೆ ಅವಳು ಹಾಗೆ ಮಾತಾಡಿದ್ದು. ಕೇಳಿ ನನಗೆ ಅಳು ಬಂತು. ರಕ್ತದಲ್ಲಿ ಈಗ ತೊಂದರೆ ಕಾಣುತ್ತಿಲ್ಲ ಎಂದರು. ಆ ಹಿಟ್ಟು ಇನ್ನು ಮುಟ್ಟಿಸಬೇಡಿ, ಆರು ತಿಂಗಳಿಗೊಮ್ಮೆ ಕರೆತನ್ನಿ ಎಂದರು.

ಮನೆಗೆ ಬಂದಾಗ ಇಸ್ತ್ರಿ ಅಕ್ಕ ಮರಿಗಳಿಗೆ ತಾವೇ ಬೇರೆ ಆಹಾರ ಹಾಕಿ, ಬಾಗಿಲಲ್ಲಿ ಕೂತಿದ್ದರು. ಮಾರನೆಯ ಬೆಳಿಗ್ಗೆ ಕಾಲೆಳೆಯುತ್ತಿದ್ದ ಮರಿ ಸತ್ತಿತು, ಅದೇ ಭಂಗಿಯಲ್ಲಿ. ಇಸ್ತ್ರಿ ಅಕ್ಕ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆದರೆ ಲಸಿಕೆ ಅಕ್ಕ ಮೊದಲೇ ಎಚ್ಚರಿಸಿದ್ದರು: ಒಳಗೆ ಹೋದದ್ದು ಹೋಗಿದೆ, ಇನ್ನೂ ಒಂದೆರಡು ಸಾಯಬಹುದು, ಆಗ ನನ್ನ ಮಾತು ಬಿಡಬೇಡಿ. ನಾವು ಬಿಡಲಿಲ್ಲ. ಗಂಡ ಮೂಗಿಗೆ ಬಟ್ಟೆ ಕಟ್ಟಿ, ಹಿತ್ತಿಲಾಚೆ ಆಳವಾಗಿ ಗುಂಡಿ ತೋಡಿ, ಡ್ರಮ್ಮಿನ ಜೋಳ, ಹಿಟ್ಟು, ನುಚ್ಚು ಎಲ್ಲ ಹೂತರು. ಕೊನೆಯ ಬುಟ್ಟಿ ಸುರಿದಾಗ ಗುಂಡಿಯಿಂದ ಹಬೆ ಎದ್ದಿತು.

"ಅಮ್ಮ ಇದ್ದಿದ್ರೆ ಆವತ್ತೇ ಗೊತ್ತಾಗ್ತಿತ್ತು," ಎಂದರು.

"ನನ್ನನ್ನ ಬೈತಿದ್ರು," ಎಂದೆ.

"ಬೈದು, ಒಣಗಿಸೋಕೆ ಅವರೇ ಕೂತ್ಕೊಳ್ತಿದ್ರು."

ಆಮೇಲೆ ಯಾವ ಮರಿಯೂ ಸಾಯಲಿಲ್ಲ. ಮೂರು ಉಳಿದವು. ಎರಡನೆಯ ವಾರದಲ್ಲಿ ಮೆಣಸು ತಾನಾಗಿ ಬಟ್ಟಲು ಹಿಡಿದು ಬಂದು ಊಟ ಕೇಳಿದಳು. ಅತ್ತೆಯ ಮಂಚ ಇದ್ದಲ್ಲೇ ಇದೆ. ಡ್ರಮ್ಮನ್ನು ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿ, ನೆಲದ ತೇವ ತಾಗದಂತೆ ಮುಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಇಟ್ಟಿದ್ದೇವೆ. ಈಗ ಸಂಜೆ, ಮರಿಗಳು ಹಿತ್ತಿಲಿಗೆ ಹೋದ ಮೇಲೆ, ಕೈ ಹಾಕುವುದು ನಾನು. ಇಸ್ತ್ರಿ ಅಕ್ಕ ತಮ್ಮ ಡಬ್ಬಗಳಿಗೂ ಕೈ ಹಾಕಿಸಲು ನನ್ನನ್ನೇ ಕರೆಯುತ್ತಾರೆ. "ನನ್ನ ಕೈ ಇಸ್ತ್ರಿ ಬಿಸಿಗೆ ಸತ್ತುಹೋಗಿದೆ, ನೀನೇ ನೋಡು," ಅನ್ನುತ್ತಾರೆ.

ಅಕ್ಕಂದಿರೇ, ಅಮ್ಮಂದಿರೇ, ಇದನ್ನು ಕೇಳಿ ಮನೆಗೆ ಹೋದ ಕೂಡಲೇ ನಿಮ್ಮ ಜೋಳದ ಡ್ರಮ್ಮಿನ, ಕಡಲೆಕಾಯಿ ಚೀಲದ ಒಳಗೆ ಮೊಣಕೈವರೆಗೆ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ, ಮುಗ್ಗಲು ವಾಸನೆ ಬಂದರೆ, ಕಾಳು ಕಟ್ ಎಂದು ಮುರಿಯದೆ ಹಲ್ಲಿಗೆ ಮೆತ್ತಗಾದರೆ, ಅದನ್ನು ಇದ್ದ ಹಾಗೇ ಬಿಡಬೇಡಿ. ಪೂರ್ತಿ ಒಣಗಿಸದೆ ಯಾವುದನ್ನೂ ತುಂಬಿ ಮುಚ್ಚಬೇಡಿ, ಮನೆಯಲ್ಲಿ ಸಾವೇ ಆಗಿರಲಿ. ಬೂಷ್ಟು ಹಿಡಿದದ್ದನ್ನು ಬಾತಿಗಾಯಿತು, ಕೋಳಿಗಾಯಿತು, ಹಸುವಿಗಾಯಿತು ಎಂದು ಹಾಕಬೇಡಿ. ಮಕ್ಕಳಿಗಂತೂ ಆರಿಸಿಯೂ ಕೊಡಬೇಡಿ. ಹೂತುಬಿಡಿ. ಮರಿಗಳು ಸತ್ತರೆ ಯಾರು ಕರೆದರು ಎಂದು ಕೇಳುವ ಮೊದಲು ಏನು ತಿಂದವು ಎಂದು ಕೇಳಿ, ಪಶು ಆಸ್ಪತ್ರೆಗೆ ಹೇಳಿಕಳಿಸಿ.

ಗೊತ್ತಿಲ್ಲದ್ದನ್ನೂ ಹೇಳಬೇಕು. ಪರೀಕ್ಷೆಯಲ್ಲಿ ಜೋಳದಲ್ಲಿ ವಿಷ ಇದೆ ಎಂದು ಬಂತು. ಸತ್ತ ಮರಿ ತಲುಪುವ ಹೊತ್ತಿಗೆ ಕೊಳೆತಿದ್ದರಿಂದ ಅದರ ಬಗ್ಗೆ ಏನೂ ಹೇಳಲಾಗದು ಎಂದರು. ಮೆಣಸಿನ ಮೈಗೆ ಎಷ್ಟು ಹೋಗಿದೆ ಎಂದು ಡಾಕ್ಟರಿಗೂ ತಿಳಿಯದು, ನನಗೂ ತಿಳಿಯದು. ಇನ್ನೊಂದಿದೆ. ಆ ಮೂರು ಮರಿಗಳು ಈಗ ದೊಡ್ಡವಾಗಿವೆ. ಸಂಜೆ ಐದಕ್ಕೆ ಈಗಲೂ ಮಂಚದ ಬಳಿಯಿಂದ ಹೊರಡುತ್ತವೆ. ಮೊದಲು ಕಲಿತ ದಾರಿಯನ್ನು ಅವು ಮರೆಯುವುದಿಲ್ಲ ಎಂದು ಲಸಿಕೆ ಅಕ್ಕ ವಿವರಿಸಿದ್ದಾರೆ, ನಾನೂ ಒಪ್ಪಿದ್ದೇನೆ. ಆದರೆ ಡ್ರಮ್ಮು ಮುಂದಿನ ಕೋಣೆಗೆ ಬಂದ ದಿನದಿಂದ ಅವು ಅಡುಗೆಮನೆಗೆ ಹೋಗುತ್ತಿಲ್ಲ. ಮುಂದಿನ ಕೋಣೆಗೇ ಬಂದು, ಹೊಸ ಜಾಗದಲ್ಲಿ ಡ್ರಮ್ಮಿನ ಮುಂದೆ ನಿಂತು ಕತ್ತು ಎತ್ತುತ್ತವೆ. ಡ್ರಮ್ಮು ಎಲ್ಲಿಟ್ಟಿದ್ದೇವೆಂದು ಅವಕ್ಕೆ ಯಾರು ತೋರಿಸಿದರು ಎಂಬುದು ನನಗೆ ಗೊತ್ತಿಲ್ಲ.